ಟೈಗಳ ವಿನ್ಯಾಸವನ್ನು ಆರಿಸುವುದು ಹೇಗೆ, ಎಷ್ಟು ಟೈಗಳಿದ್ದರೆ ಸಾಕು?

ದಾವಣಗೆರೆಯವನು

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬರುವ ಸೆಪ್ಟೆಂಬರ್‌ನಿಂದ ಎರಡು ವರ್ಷ ಲಂಡನ್ ಕಚೇರಿಯಲ್ಲಿ ಇರಬೇಕಾಗಿದೆ. ಅಲ್ಲಿ ಪ್ರತಿದಿನ ಟೈ ಕಟ್ಟಬೇಕೆಂಬ ನಿಯಮವಿಲ್ಲ. ಆದರೆ ನನ್ನ ಪಾಲಿಗೆ ಬಂದಿರುವ ವಿಭಾಗದಲ್ಲಿ ಬ್ಯಾಂಕುಗಳ ಆಡಳಿತ ಮಂಡಳಿಗಳ ಎದುರು ವರದಿ ಮಂಡಿಸುವ ಕೆಲಸ ಹೆಚ್ಚಾಗಿರುವುದರಿಂದ, ಅಂಥ ದಿನಗಳಲ್ಲಿ ಸೂಟು, ಟೈ ಇರಲೇಬೇಕೆಂದು ಅಲ್ಲಿನ ಹಿರಿಯ ಸಹೋದ್ಯೋಗಿಗಳು ತಿಳಿಸಿದ್ದಾರೆ.

ನನ್ನ ಬಳಿ ಈಗ ಹನ್ನೊಂದು ಟೈಗಳಿವೆ. ಅವುಗಳಲ್ಲಿ ಒಂದನ್ನೂ ನಾನಾಗಿ ಯೋಚಿಸಿ ಕೊಂಡದ್ದಲ್ಲ. ನಾಲ್ಕು ಮದುವೆಯ ಉಡುಗೊರೆಯಾಗಿ, ಕರವಸ್ತ್ರ ಮತ್ತು ಕಫ್‌ಲಿಂಕ್ ಸಮೇತ ಒಂದೇ ಪೆಟ್ಟಿಗೆಯಲ್ಲಿ ಬಂದವು. ಉಳಿದವು ಸೂಟು ಹೊಲಿಸಿದಾಗ ರಿಯಾಯಿತಿಯಲ್ಲಿ ಸಿಕ್ಕವು. ಹೆಚ್ಚಿನವು ಮಿರುಗುವ ಪಾಲಿಯೆಸ್ಟರ್; ಬಣ್ಣಗಳು ರಕ್ತಗೆಂಪು, ನೇರಳೆ, ಚಿನ್ನದ ಹಳದಿ. ಕಳೆದ ತಿಂಗಳು ಒಂದು ಸಭೆಯಲ್ಲಿ ತೆಗೆದ ಚಿತ್ರವನ್ನು ನೋಡಿದಾಗ, ಎಂಟು ಜನರ ಸಾಲಿನಲ್ಲಿ ನನ್ನ ಮುಖಕ್ಕಿಂತ ಮೊದಲು ನನ್ನ ಟೈ ಕಣ್ಣಿಗೆ ಬಿತ್ತು. ಅದು ಸರಿಯಲ್ಲವೆಂದು ಅನ್ನಿಸಿತು. ಆದರೆ ಸರಿಯಾದದ್ದು ಯಾವುದೆಂದು ಹೇಳಲು ನನಗೆ ತಿಳಿಯಲಿಲ್ಲ.

ನನ್ನ ಸೂಟುಗಳು ಎರಡು, ಒಂದು ಕಡುನೀಲಿ, ಇನ್ನೊಂದು ಇದ್ದಿಲು ಬೂದು. ನಾಲ್ಕು ಬಿಳಿ ಅಂಗಿ, ಮೂರು ತಿಳಿನೀಲಿ, ಒಂದು ಸಣ್ಣ ನೀಲಿಗೆರೆಯದು. ಎತ್ತರ ಆರು ಅಡಿ ಒಂದು ಇಂಚು, ಮೈಬಣ್ಣ ಎಣ್ಣೆಗಪ್ಪು. ಯಾವ ವಿನ್ಯಾಸಗಳನ್ನು ಕೊಳ್ಳಬೇಕು, ಯಾವ ಕ್ರಮದಲ್ಲಿ ಕೊಳ್ಳಬೇಕು, ಯಾವುದನ್ನು ದೂರವಿಡಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಥೇಮ್ಸ್ ದಂಡೆ

ಮೊದಲು ಎಣಿಕೆಯ ವಿಚಾರವನ್ನು ಮುಗಿಸಿಬಿಡುತ್ತೇನೆ. ಎರಡು ಸೂಟು, ಎಂಟು ಅಂಗಿ ಇರುವವರಿಗೆ ಆರು ಟೈ ಧಾರಾಳವಾಗಿ ಸಾಕು. ನಾನು ಲಂಡನ್ನಿನ ಕಾನೂನು ಕಚೇರಿಗಳಲ್ಲಿ ಹದಿನಾಲ್ಕು ವರ್ಷ ದುಡಿದಿದ್ದೇನೆ. ಅಷ್ಟು ಕಾಲವೂ ನಿಜವಾಗಿ ಬಳಸಿದ್ದು ಏಳೋ ಎಂಟೋ.

ನಿಮ್ಮ ಚಿತ್ರದಲ್ಲಿ ನೀವೇ ಕಂಡುಕೊಂಡ ದೋಷವೇ ಇಡೀ ವಿಷಯದ ಬೇರು. ಎದುರು ಕುಳಿತವರು ನೋಡಬೇಕಾದದ್ದು ನಿಮ್ಮ ಮುಖವನ್ನು. ಸಭೆಯ ಮೇಜಿನ ಆಚೆಯಿಂದ, ಅಂದರೆ ಐದಾರು ಅಡಿ ದೂರದಿಂದ ನೋಡುವವರಿಗೆ ಟೈಯ ವಿನ್ಯಾಸ ಒಂದೇ ಬಣ್ಣದಂತೆ ಕರಗಿ ಕಾಣಬೇಕು. ಕೈಕುಲುಕುವಷ್ಟು ಹತ್ತಿರ ಬಂದಾಗಲಷ್ಟೇ ಅದು ಚುಕ್ಕಿಯೋ ಹೂವೋ ಎಂದು ತಿಳಿಯಬೇಕು. ಅಂಗಡಿಯಲ್ಲಿ ಟೈಯನ್ನು ಅಂಗೈಯಲ್ಲಿ ಹಿಡಿದು ಮೆಚ್ಚಿಕೊಳ್ಳುವವರು ಈ ಪರೀಕ್ಷೆ ಮಾಡುವುದಿಲ್ಲ, ಹಾಗಾಗಿ ಎಲ್ಲರೂ ಅಗತ್ಯಕ್ಕಿಂತ ದೊಡ್ಡ ವಿನ್ಯಾಸವನ್ನೇ ಕೊಳ್ಳುತ್ತಾರೆ. ಅಂಗಿಯ ಕಾಲರಿಗೆ ಕಟ್ಟಿಕೊಂಡು, ಕನ್ನಡಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಆಗಲೂ ವಿನ್ಯಾಸ ಎದ್ದು ಕಾಣುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಮೊದಲ ಟೈ ಕಡುನೀಲಿಯದಾಗಿರಲಿ, ಆದರೆ ನುಣುಪಾದ ಸ್ಯಾಟಿನ್ ಬೇಡ. ಇಟಲಿಯ ಕೋಮೋ ಊರಿನಲ್ಲಿ ನೇಯುವ ಗ್ರೆನಡೀನ್ ಎಂಬ ರೇಷ್ಮೆಯಿದೆ. ಎಳೆಗಳು ಒಂದನ್ನೊಂದು ಹೆಣೆದುಕೊಂಡು ಸಣ್ಣ ಸಣ್ಣ ಕಣ್ಣುಗಳು ಉಳಿಯುವಂತೆ ಮಾಡುವ ಜಾಳು ನೇಯ್ಗೆ ಅದು. ಬಣ್ಣ ಒಂದೇ ಆದರೂ ಮೇಲ್ಮೈಯಲ್ಲಿ ಏರಿಳಿತವಿರುವುದರಿಂದ ಬೆಳಕು ಅದರ ಮೇಲೆ ಮಿರುಗುವುದಿಲ್ಲ, ತಂಗುತ್ತದೆ. ಬೆಲೆ ಹೆಚ್ಚು, ನಿಜ. ಆದರೂ ನಿಮ್ಮ ಎಂಟು ಅಂಗಿಗಳಲ್ಲಿ ಒಂದಕ್ಕೂ ಅದು ಹೊಂದದೆ ಹೋಗುವುದಿಲ್ಲ, ಕಡುನೀಲಿ ಸೂಟಿನ ಮೇಲೂ ನಡೆಯುತ್ತದೆ. ಎರಡನೆಯದು ಮರೂನ್ ಬಣ್ಣದ ಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕಿ. ಮೂರನೆಯದು ಕಡುನೀಲಿ ಅಥವಾ ಕಡುಹಸಿರಿನ ಮೇಲೆ ಚಿಕ್ಕ ಹೂವಿನ ಸಾಲುಸಾಲು ಅಚ್ಚು. ಈ ಮೂರರಲ್ಲಿ ಆರು ತಿಂಗಳು ಕಳೆಯಿರಿ. ಉಳಿದವನ್ನು ಅಲ್ಲಿ ಹೋಗಿ, ಅಲ್ಲಿಯವರನ್ನು ನೋಡಿ ಕೊಳ್ಳಬಹುದು.

ಪಟ್ಟೆಗಳ ಬಗ್ಗೆ ಮಾತ್ರ ವಿಶೇಷವಾಗಿ ಎಚ್ಚರಿಸಬೇಕು, ಏಕೆಂದರೆ ಭಾರತದಲ್ಲಿ ಯಾರೂ ಇದನ್ನು ಹೇಳಿಕೊಡುವುದಿಲ್ಲ. ಬ್ರಿಟನ್ನಿನಲ್ಲಿ ಪಟ್ಟೆ ಟೈ ಎಂಬುದು ಹಲವು ವೇಳೆ ಒಂದು ಗುರುತುಪತ್ರ. ಸೈನ್ಯದ ರೆಜಿಮೆಂಟುಗಳು, ಹಳೆಯ ಶಾಲೆಗಳು, ಕ್ಲಬ್ಬುಗಳು ತಮ್ಮದೇ ಆದ ಬಣ್ಣಗಳ ಪಟ್ಟೆಯನ್ನು ಇಟ್ಟುಕೊಂಡಿವೆ. ಅಗಲವಾದ ಕಡುನೀಲಿ ಮತ್ತು ಮರೂನ್ ಪಟ್ಟೆ ಅರಸನ ಕಾವಲು ಪಡೆಗಳದು. ಕಪ್ಪಿನ ಮೇಲೆ ತಿಳಿನೀಲಿಯ ತೆಳುಗೆರೆ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳದು. ಕೆಂಪು ಮತ್ತು ಹಳದಿಯ ದಪ್ಪ ಪಟ್ಟೆ 1787ರಲ್ಲಿ ಸ್ಥಾಪನೆಯಾದ ಮೇರಿಲಿಬೋನ್ ಕ್ರಿಕೆಟ್ ಕ್ಲಬ್ಬಿನದು. ಇವನ್ನು ತಿಳಿಯದೆ ಕಟ್ಟಿಕೊಂಡು ಹೋದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಆದರೆ ವಯಸ್ಸಾದ ನಿರ್ದೇಶಕರೊಬ್ಬರು ಆತ್ಮೀಯವಾಗಿ ‘ನೀವು ಯಾವ ವರ್ಷದ ತಂಡ’ ಎಂದು ಕೇಳಿದಾಗ ಉತ್ತರಿಸುವುದು ಕಷ್ಟ. ನನ್ನ ಮೊದಲ ವರ್ಷದಲ್ಲಿ ನನಗೇ ಇಂಥ ಪ್ರಶ್ನೆ ಎದುರಾಯಿತು. ಆ ಟೈಯನ್ನು ಅಂದೇ ಕಪಾಟಿನಿಂದ ತೆಗೆದೆ. ಪಟ್ಟೆ ಬೇಕೇಬೇಕೆಂದರೆ ಒಂದೇ ಬಣ್ಣದ ಎರಡು ಛಾಯೆಗಳಿರುವ ಪಟ್ಟೆಯನ್ನೋ, ಅಮೆರಿಕದ ಕ್ರಮದ ಪಟ್ಟೆಯನ್ನೋ ಆರಿಸಿ. ಬ್ರಿಟಿಷ್ ಪಟ್ಟೆ ತೊಟ್ಟವರ ಎಡ ಭುಜದಿಂದ ಬಲಕ್ಕೆ ಇಳಿಯುತ್ತದೆ. ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ ಕಳೆದ ಶತಮಾನದ ಮೊದಲ ಭಾಗದಲ್ಲಿ ಅದನ್ನು ಬಲ ಭುಜದಿಂದ ಎಡಕ್ಕೆ ತಿರುಗಿಸಿತು, ಅದೇ ಅಲ್ಲಿ ರೂಢಿಯಾಯಿತು.

ಇನ್ನೊಂದು ಮಾತು. ಸಾದಾ ಕಪ್ಪು ಟೈ ಅಲ್ಲಿ ಇಂದಿಗೂ ಅಂತ್ಯಸಂಸ್ಕಾರವನ್ನು ನೆನಪಿಸುತ್ತದೆ. ಒಂದನ್ನು ಪೆಟ್ಟಿಗೆಯಲ್ಲಿಟ್ಟಿರಿ, ಕಚೇರಿಗೆ ಬೇಡ.

ನೇಕಾರ ಮನೆ

ಮೇಲಿನವರು ಕಣ್ಣಿನ ದೃಷ್ಟಿಯಿಂದ ಹೇಳಿದ್ದನ್ನು ನಾನು ಬಟ್ಟೆಯ ದೃಷ್ಟಿಯಿಂದ ಹೇಳಲು ಬಯಸುತ್ತೇನೆ. ನಮ್ಮದು ಬಾಗಲಕೋಟೆ ಕಡೆಯ ನೇಕಾರ ಕುಟುಂಬ. ಮುಂದೆ ನಾನು ಜವಳಿ ತಂತ್ರಜ್ಞಾನ ಕಲಿಸುವ ಮೇಷ್ಟ್ರಾಗಿ ನಿವೃತ್ತನಾದೆ. ಟೈಯ ವಿನ್ಯಾಸ ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಅದು ಮಗ್ಗದಲ್ಲಿ ನೇಯ್ದದ್ದೋ ಅಥವಾ ನೇಯ್ದ ಬಟ್ಟೆಯ ಮೇಲೆ ಅಚ್ಚು ಹಾಕಿದ್ದೋ ಎಂಬುದು. ನೇಯ್ದ ವಿನ್ಯಾಸದಲ್ಲಿ ಹಾಸು ಹೊಕ್ಕುಗಳೇ ಬಣ್ಣ ಬದಲಿಸಿ ಚಿತ್ರವಾಗುತ್ತವೆ, ಆದ್ದರಿಂದ ಅದು ಗಂಭೀರವಾಗಿ, ಸ್ವಲ್ಪ ಉಬ್ಬಿ ಕಾಣುತ್ತದೆ. ಅಚ್ಚಿನದು ಮೃದು, ಹಗುರ. ಅಲ್ಲಿ ರೇಖೆ ಎಷ್ಟು ಸಣ್ಣದಾದರೂ ಇರಬಹುದು.

ಇಂಗ್ಲೆಂಡಿನ ಚೆಷೈರ್ ಪ್ರಾಂತದ ಮ್ಯಾಕಲ್ಸ್‌ಫೀಲ್ಡ್ 18ನೆಯ ಶತಮಾನದಿಂದ ರೇಷ್ಮೆಗೆ ಹೆಸರಾದ ಊರು. ಚಿಕ್ಕ ಚಿಕ್ಕ ಚೌಕ, ವಜ್ರ, ನಕ್ಷತ್ರಗಳನ್ನು ಒತ್ತೊತ್ತಾಗಿ ನೇಯ್ದ ರೇಷ್ಮೆಗೆ ಟೈ ಮಾರುವವರು ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಗುಳೇದಗುಡ್ಡದ ಖಣವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ. ಒಂದು ಸಣ್ಣ ಬುಟ್ಟಾ, ಅದೇ ಅಳತೆಯ ಅಂತರದಲ್ಲಿ ಮತ್ತೆ ಮತ್ತೆ ಬರುತ್ತ, ದೂರದಿಂದ ಬಟ್ಟೆಯ ಮೈಬಣ್ಣವೇ ಆಗಿಬಿಡುವುದು ಖಣದ ಚೆಲುವು. ನೀವು ಖಣ ಆರಿಸುವ ಅಜ್ಜಿಯ ಕಣ್ಣನ್ನು ಟೈ ಅಂಗಡಿಗೆ ಒಯ್ದರೆ ತಪ್ಪುವುದಿಲ್ಲ: ಬುಟ್ಟಾ ಸಣ್ಣದಿರಬೇಕು, ನೆಲದ ಬಣ್ಣ ಆಳವಾಗಿರಬೇಕು, ಬುಟ್ಟಾದ ಬಣ್ಣ ನೆಲಕ್ಕೆ ಹತ್ತಿರವಾಗಿರಬೇಕು.

ಹಾಗೆಯೇ ಪೇಸ್ಲಿ ಎಂದು ಕರೆಯುವ ವಿನ್ಯಾಸ ನಮ್ಮ ಸೀರೆಯಂಚಿನ ಮಾವಿನ ಬುಟ್ಟಾವೇ. ಕಾಶ್ಮೀರದ ಶಾಲುಗಳೊಂದಿಗೆ ಅದು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಯುರೋಪನ್ನು ಮುಟ್ಟಿತು. ಸ್ಕಾಟ್ಲೆಂಡಿನ ಪೇಸ್ಲಿ ಊರಿನ ನೇಕಾರರು ಅದನ್ನು ಅನುಕರಿಸಿ ಅಪಾರ ಪ್ರಮಾಣದಲ್ಲಿ ನೇಯ್ದುದರಿಂದ ಊರಿನ ಹೆಸರೇ ವಿನ್ಯಾಸಕ್ಕೆ ಅಂಟಿತು. ಈ ಮಾವಿಗೆ ತಕ್ಕ ಬಣ್ಣ ಮ್ಯಾಡರ್, ಅಂದರೆ ನಮ್ಮ ಮಂಜಿಷ್ಠದ ಜಾತಿಯ ಬೇರಿನಿಂದ ತೆಗೆಯುತ್ತಿದ್ದ ಕೆಂಪು. ಅದರ ಬಣ್ಣಕೊಡುವ ಸತ್ವವಾದ ಅಲಿಜರಿನ್ನನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರು 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ಮೇಲೆ ಬೇರಿನ ಬಳಕೆ ಕಡಿಮೆಯಾಯಿತು, ಆದರೆ ಮ್ಯಾಡರ್ ರೇಷ್ಮೆಯೆಂಬ ಹೆಸರು ಮತ್ತು ಆ ಮಾಸಲು ಛಾಯೆಗಳು ಉಳಿದವು. ಇಟ್ಟಿಗೆ ಕೆಂಪು, ಪಾಚಿ ಹಸಿರು, ಸಾಸಿವೆ ಹಳದಿ, ಮಸಿ ನೀಲಿ. ಮುಟ್ಟಿದರೆ ಸೀಮೆಸುಣ್ಣದ ಪುಡಿ ಸವರಿದಂಥ ಒಣ ಮೃದುತನವಿರುತ್ತದೆ. ಮೂರನೆಯ ಟೈಯಾಗಿ ಇಂಥದ್ದನ್ನು ಕೊಳ್ಳಿ ಎಂಬುದು ನನ್ನ ಒತ್ತಾಯ. ಬಣ್ಣಗಳು ಇಷ್ಟು ಸಮಾಧಾನವಾಗಿ ಒಂದರ ಪಕ್ಕ ಒಂದು ಕೂರುವ ಬಟ್ಟೆ ಮತ್ತೊಂದಿಲ್ಲ.

ಒಳ್ಳೆಯ ಟೈಯನ್ನು ಗುರುತಿಸಲು ಅದನ್ನು ಕಿರಿದಾದ ತುದಿಯಿಂದ ಹಿಡಿದು ಜೋತುಬಿಡಿ. ಸುರುಳಿಯಾಗಿ ತಿರುಗಿದರೆ ಬಟ್ಟೆಯನ್ನು ಸರಿಯಾದ ಓರೆಯಲ್ಲಿ ಕತ್ತರಿಸಿಲ್ಲ ಎಂದರ್ಥ. ದರ್ಜಿಗಳು ಕ್ರಾಸ್ ಎನ್ನುತ್ತಾರಲ್ಲ, ಅದೇ: ಎಳೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ ಬಟ್ಟೆ ಮಾತ್ರ ಗಂಟಿನಲ್ಲಿ ಎಳೆದರೂ ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ಹೀಗೆ ಓರೆಯಾಗಿ ಕತ್ತರಿಸಿದ ಮೂರು ತುಂಡುಗಳನ್ನು ಜೋಡಿಸುವ ಕ್ರಮಕ್ಕೆ ನ್ಯೂಯಾರ್ಕಿನ ಜೆಸ್ಸಿ ಲಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ಪೇಟೆಂಟ್ ಪಡೆದರು. ಇಂದಿನ ಟೈಗಳೆಲ್ಲ ಹೆಚ್ಚುಕಡಿಮೆ ಆ ಕ್ರಮದವೇ. ಮಗ್ಗದಲ್ಲಿ ನೇರವಾಗಿ ಬಂದ ಪಟ್ಟೆ ನಿಮ್ಮ ಎದೆಯ ಮೇಲೆ ಓರೆಯಾಗಿ ಕಾಣುವುದು ಈ ಕತ್ತರಿಕೆಯಿಂದಲೇ. ಒಳಗಿನ ಪದರ ಉಣ್ಣೆಯದಾಗಿರಲಿ. ಹಿಂಬದಿಯ ಸೀಳಿನಲ್ಲಿ ಬೆರಳಿಟ್ಟರೆ ತಿಳಿಯುತ್ತದೆ.

ಅಂಗಡಿ ಕಟ್ಟೆ

ಜಯನಗರದಲ್ಲಿ ನಮ್ಮ ಮನೆಯವರ ಗಂಡಸರ ಉಡುಪಿನ ಅಂಗಡಿಯಲ್ಲಿ ನಾನು ಇಪ್ಪತ್ತು ವರ್ಷ ಗಲ್ಲೆಯ ಪಕ್ಕದಲ್ಲೇ ನಿಂತು ಗಿರಾಕಿಗಳಿಗೆ ಟೈ ಆರಿಸಿಕೊಟ್ಟಿದ್ದೇನೆ. ಮೇಷ್ಟ್ರ ಮಾತನ್ನು ಗೌರವದಿಂದಲೇ ಒಪ್ಪದೆ ಇರುತ್ತೇನೆ: ಆಡಳಿತ ಮಂಡಳಿಯ ಎದುರು ಲೆಕ್ಕ ಒಪ್ಪಿಸುವವರಿಗೆ ಮಾವಿನ ಬುಟ್ಟಾ ಮೂರನೆಯ ಟೈ ಆಗಬಾರದು, ಐದನೆಯದೋ ಆರನೆಯದೋ ಆಗಲಿ. ಮಾವು ತಿರುವುಗಳಿರುವ ವಿನ್ಯಾಸ, ಎಷ್ಟು ಸಣ್ಣದಾದರೂ ಕಣ್ಣನ್ನು ಸುತ್ತಿಸುತ್ತದೆ. ಸಾಲಾಗಿ ನಿಂತ ಚುಕ್ಕಿಯೋ ಚೌಕವೋ ಕಣ್ಣನ್ನು ನಿಲ್ಲಿಸುತ್ತದೆ. ಉಣ್ಣೆಯ ಕೋಟು, ಸಂಜೆಯ ಊಟ, ಶನಿವಾರದ ಭೇಟಿ, ಇವಕ್ಕೆ ಮ್ಯಾಡರ್ ಮಾವಿಗಿಂತ ಚೆಲುವಾದದ್ದು ಇಲ್ಲವೆಂಬುದನ್ನು ಮಾತ್ರ ನಾನೂ ಹೇಳುತ್ತೇನೆ.

ಮೈಬಣ್ಣದ ವಿಷಯವನ್ನು ಇಬ್ಬರೂ ಮುಟ್ಟಲಿಲ್ಲ, ಪ್ರಶ್ನೆ ಕೇಳಿದವರು ಅದನ್ನು ಹೇಳಿದ್ದಾರೆ. ಎಣ್ಣೆಗಪ್ಪು ಬಣ್ಣದವರು ಮಂಕಾದ, ಬಿಳಿಚಿದ ಬಣ್ಣಗಳನ್ನು ಸಭ್ಯತೆಯೆಂದು ತಿಳಿದು ಕೊಳ್ಳುವುದನ್ನು ನಾನು ನೂರಾರು ಬಾರಿ ಕಂಡಿದ್ದೇನೆ, ಪ್ರತಿಬಾರಿಯೂ ಮನಸ್ಸಿಗೆ ನೋವಾಗಿದೆ. ತಿಳಿಗುಲಾಬಿ, ಗೋಧಿಬಣ್ಣ, ಬೆಳ್ಳಿಬೂದು, ಇವು ಮುಖದ ಕಳೆಯನ್ನು ತಗ್ಗಿಸುತ್ತವೆ. ಆಳವಾದ, ತುಂಬಿದ ಬಣ್ಣಗಳು ನಮ್ಮ ಮುಖಗಳಿಗೆ ಬೆಳಕು ಕೊಡುತ್ತವೆ: ಇಳಕಲ್ ಸೀರೆಯ ದಾಳಿಂಬೆ ಕೆಂಪು, ಬಾಟಲಿ ಹಸಿರು, ಬದನೆ ನೇರಳೆ, ಕಾಫಿಪುಡಿಯ ಕಂದು. ಮಿರುಗಿನ ಬಗ್ಗೆ ಹಿಂದಿನವರು ಹೇಳಿದ್ದು ಸರಿ, ಆದರೆ ಮಿರುಗನ್ನು ಬಿಡುವುದೆಂದರೆ ಬಣ್ಣವನ್ನು ಬಿಡುವುದಲ್ಲ. ನಿಮ್ಮ ಹನ್ನೊಂದು ಟೈಗಳ ದೋಷ ಕೆಂಪಿನಲ್ಲಿಲ್ಲ, ಪಾಲಿಯೆಸ್ಟರಿನ ಹೊಳಪಿನಲ್ಲಿದೆ.

ಇನ್ನು ಅಂಗಿಯ ಜೊತೆ ಹೊಂದಿಸುವ ವಿಚಾರ. ಟೈ ಯಾವಾಗಲೂ ಅಂಗಿಗಿಂತ ಗಾಢವಾಗಿರಲಿ. ಬಿಳಿ ಮತ್ತು ತಿಳಿನೀಲಿ ಸಾದಾ ಅಂಗಿಗಳಿಗೆ ಯಾವ ವಿನ್ಯಾಸವೂ ಆಗುತ್ತದೆ, ಅದನ್ನು ಯೋಚಿಸಬೇಕಿಲ್ಲ. ಗೆರೆಯಿರುವ ಆ ಒಂದು ಅಂಗಿಯದ್ದೇ ಕಷ್ಟ. ಅಂಗಿಯ ಗೆರೆ ಸಣ್ಣದು, ಒತ್ತೊತ್ತಾದದ್ದು. ಅದರ ಮೇಲೆ ಅಷ್ಟೇ ಅಳತೆಯ ಸಣ್ಣ ಚುಕ್ಕಿ ಬಂದರೆ ಎರಡೂ ಸೇರಿ ಕಣ್ಣು ಕುಕ್ಕುತ್ತವೆ, ಪರದೆಯ ಮೇಲಿನ ಸಭೆಗಳಲ್ಲಂತೂ ಕ್ಯಾಮೆರಾದಲ್ಲಿ ಅಲೆಗಳಂತೆ ಕದಲುತ್ತವೆ. ಅಲ್ಲಿ ವಿನ್ಯಾಸಗಳ ಅಳತೆ ಬೇರೆಬೇರೆಯಾಗಿರಬೇಕು: ಸಣ್ಣ ಗೆರೆಯ ಅಂಗಿಗೆ ದೂರ ದೂರವಿರುವ ಬುಟ್ಟಾ, ಇಲ್ಲವೇ ಅಗಲ ಪಟ್ಟೆ, ಇಲ್ಲವೇ ಮೊದಲನೆಯವರು ಹೇಳಿದ ಗ್ರೆನಡೀನ್.

ಅಗಲ 8 ಸೆಂಟಿಮೀಟರಿನ ಆಸುಪಾಸಿನಲ್ಲಿರಲಿ, ನಿಮ್ಮ ಕೋಟಿನ ಎದೆಯ ಮಡಿಕೆಯ ಅಗಲಕ್ಕೆ ಹತ್ತಿರವಾಗಿ. ಉದ್ದದ ವಿಷಯದಲ್ಲಿ ನೀವು ಎಚ್ಚರ ವಹಿಸಬೇಕು. ಸಾಮಾನ್ಯ ಟೈ ಸುಮಾರು 58 ಇಂಚು. ನಿಮ್ಮ ಎತ್ತರಕ್ಕೆ ಅದು ಬೆಲ್ಟಿನ ಬಕಲ್ ಮುಟ್ಟದೆ ಮೇಲೆಯೇ ನಿಲ್ಲುವ ಸಾಧ್ಯತೆ ಇದೆ. 60ರಿಂದ 62 ಇಂಚಿನದನ್ನು ಕೇಳಿ ಪಡೆಯಿರಿ.

ದಾವಣಗೆರೆಯವನು

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ಹನ್ನೊಂದರಲ್ಲಿ ಒಂದು ಕಡುನೀಲಿ ಚುಕ್ಕಿಯದು ಮಾತ್ರ ನಾಲ್ಕು ಹೆಜ್ಜೆಯ ಪರೀಕ್ಷೆಯಲ್ಲಿ ಉಳಿಯಿತು. ಗ್ರೆನಡೀನ್ ಮತ್ತು ದಾಳಿಂಬೆ ಕೆಂಪಿನ ಬಿಳಿಚುಕ್ಕಿಯದನ್ನು ಹೊರಡುವ ಮೊದಲು ಕೊಳ್ಳುತ್ತೇನೆ, ಚೌಕಗಳ ನೇಯ್ದ ರೇಷ್ಮೆಯನ್ನು ಅಲ್ಲಿ ಹುಡುಕುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಯಾವ ಗಂಟು ಕಲಿಯಬೇಕು? ಮತ್ತು ನಮ್ಮ ತಾಯಿಯವರ ಹಳೆಯ ಮೈಸೂರು ಸಿಲ್ಕ್ ಸೀರೆಯೊಂದು ನೆರಿಗೆಯ ಬಳಿ ಸವೆದು ಉಡಲಾಗದಂತಾಗಿದೆ. ಕಡುಹಸಿರು ಬಣ್ಣ. ಅದರಲ್ಲಿ ಟೈ ಹೊಲಿಸಿಕೊಂಡು ಹೋಗು ಎಂದು ಅವರಿಗೆ ಆಸೆ. ಆಗುತ್ತದೆಯೇ?

ಥೇಮ್ಸ್ ದಂಡೆ

ಗಂಟಿನ ಬಗ್ಗೆ ಹೆಚ್ಚು ಚಿಂತಿಸಬೇಡಿ. ಕೇಂಬ್ರಿಡ್ಜಿನ ಇಬ್ಬರು ಭೌತವಿಜ್ಞಾನಿಗಳು 1999ರಲ್ಲಿ ಲೆಕ್ಕ ಹಾಕಿ ಟೈ ಕಟ್ಟಲು 85 ವಿಧಾನಗಳಿವೆ ಎಂದು ತೋರಿಸಿದ್ದಾರೆ. ನನ್ನ ಹದಿನಾಲ್ಕು ವರ್ಷ ಒಂದರಲ್ಲೇ ಕಳೆಯಿತು. ಫೋರ್ ಇನ್ ಹ್ಯಾಂಡ್ ಎಂಬ ಸರಳ ಗಂಟು, ತುಸು ಓರೆಯಾಗಿ ನಿಲ್ಲುವಂಥದ್ದು, ಬಟ್ಟೆಯನ್ನೂ ಕಡಿಮೆ ತಿನ್ನುತ್ತದೆ, ಹಾಗಾಗಿ ಎತ್ತರದವರಿಗೆ ಉದ್ದವೂ ಉಳಿಯುತ್ತದೆ. ವಿಂಡ್ಸರ್ ಗಂಟು ಮುಷ್ಟಿಯಷ್ಟು ದಪ್ಪವಾಗಿ ಕೂತು ಮತ್ತೆ ಕಣ್ಣನ್ನು ಮುಖದಿಂದ ಕೆಳಗಿಳಿಸುತ್ತದೆ. ಗಂಟು ಬಿಗಿಯುವಾಗ ಅದರ ಕೆಳಗೆ ತೋರುಬೆರಳಿನಿಂದ ಒಂದು ಕುಳಿ ಮೂಡಿಸಿ. ರೇಷ್ಮೆ ಜೀವಂತವಾಗಿ ಕಾಣುವುದು ಅಲ್ಲಿಯೇ.

ಸಂಜೆ ಬಿಚ್ಚುವಾಗ ಕಿರಿತುದಿಯನ್ನು ಎಳೆದು ಹೊರತೆಗೆಯಬೇಡಿ, ಕಟ್ಟಿದ ಹೆಜ್ಜೆಗಳನ್ನೇ ಹಿಂದುಮುಂದಾಗಿ ಬಿಚ್ಚಿ, ಒಂದು ದಿನವಾದರೂ ಜೋತುಹಾಕಿ. ಒಂದೇ ಟೈಯನ್ನು ಎರಡು ದಿನ ಸತತ ಕಟ್ಟಬೇಡಿ. ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಅಂಚುಗಳ ದುಂಡುತನ ಸತ್ತುಹೋಗುತ್ತದೆ. ಸುಕ್ಕಿಗೆ ಸ್ನಾನದ ಮನೆಯ ಹಬೆ ಸಾಕು. ಸಾರು ಚೆಲ್ಲಿದರೆ ನೀರು ಹಚ್ಚಿ ಉಜ್ಜಬೇಡಿ, ಒಣ ಬಿಳಿಬಟ್ಟೆಯಿಂದ ಒತ್ತಿ ತೆಗೆಯಿರಿ, ಏಕೆಂದರೆ ರೇಷ್ಮೆಯ ಮೇಲೆ ನೀರಿನ ಕಲೆಯೇ ಮೊದಲಿನ ಕಲೆಗಿಂತ ದೊಡ್ಡದಾಗಿ ಉಳಿಯುತ್ತದೆ.

ನೇಕಾರ ಮನೆ

ಸೀರೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೈಸೂರು ಸಿಲ್ಕ್ ಸೀರೆ ಕ್ರೇಪ್ ರೇಷ್ಮೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯಲ್ಲಿ ಇಂದಿಗೂ ನೇಯುತ್ತಿರುವ ಆ ಬಟ್ಟೆಯ ಎಳೆಗೆ ವಿಪರೀತ ಹುರಿ ಕೊಟ್ಟಿರುತ್ತಾರೆ. ಸೀರೆ ಮೈಗೆ ಅಂಟಿಕೊಂಡಂತೆ ಇಳಿಬೀಳುವುದು ಆ ಹುರಿಯಿಂದ. ಟೈಗೆ ಬೇಕಾದದ್ದು ಇದಕ್ಕೆ ವಿರುದ್ಧವಾದ ಗುಣ, ಅಂದರೆ ಮೈಗಟ್ಟಿತನ. ಕ್ರೇಪಿನಲ್ಲಿ ಹೊಲಿದ ಟೈಯ ಗಂಟು ಹುಣಸೆಬೀಜದಷ್ಟಾಗಿ ಕುಗ್ಗುತ್ತದೆ, ಓರೆಯಲ್ಲಿ ಕತ್ತರಿಸಿದ ಕಡೆ ಎಳೆದುಕೊಂಡು ಉದ್ದವಾಗುತ್ತದೆ, ಒಂದು ಚಳಿಗಾಲ ದಾಟುವುದಿಲ್ಲ. ಅದೂ ಅಲ್ಲದೆ ಸವೆದ ಸೀರೆಯ ಎಳೆ ಗಂಟಿನ ಎಳೆತವನ್ನು ತಡೆಯಲಾರದು.

ಆದರೆ ತಾಯಿಯವರ ಆಸೆಯನ್ನು ಬಿಡಬೇಕಿಲ್ಲ. ಸವೆಯದೆ ಉಳಿದ ಒಡಲಿನಿಂದ, ಜರಿಯಂಚು ಬಿಟ್ಟು, 13 ಇಂಚಿನ ಒಂದು ಚೌಕ ಕತ್ತರಿಸಿ, ಅಂಚನ್ನು ಯಂತ್ರದಲ್ಲಿ ಹೊಲಿಸದೆ ಕೈಯಿಂದ ಸಣ್ಣಗೆ ಸುತ್ತಿ ಹೊಲಿಸಿ. ಕೋಟಿನ ಎದೆಜೇಬಿಗೆ ಅಷ್ಟು ಮೃದುವಾದ ಬಟ್ಟೆಯೇ ಬೇಕು. ಮಡಿಚದೆ ನಡುವಿನಿಂದ ಚಿಟಿಕೆಯಲ್ಲಿ ಹಿಡಿದು ಇಳಿಸಿದರೆ ತಾನಾಗಿಯೇ ಕೂರುತ್ತದೆ. ಟೈ ಮತ್ತು ಜೇಬಿನ ಬಟ್ಟೆ ಒಂದೇ ತುಂಡಿನದಾಗಿರಬಾರದು ಎಂಬುದು ಹಳೆಯ ಸೂತ್ರ, ಪೆಟ್ಟಿಗೆಯಲ್ಲಿ ಬಂದ ಜೋಡಿಗಳು ಸೋಲುವುದು ಅಲ್ಲೇ. ದಾಳಿಂಬೆ ಕೆಂಪಿನ ಟೈಯ ಪಕ್ಕದಲ್ಲಿ ಆ ಕಡುಹಸಿರು ಒಂದು ಬೆರಳಿನಷ್ಟು ಹೊರಗೆ ಕಂಡರೆ ಸಾಕು. ಕತ್ತರಿಸುವ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು, ಎಳೆ ಸವೆದ ಜಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ನೆರಿಗೆಗಿಂತ ಸೆರಗಿನ ಕಡೆಗೆ ಹೋದಂತೆ ಗಟ್ಟಿ ಬಟ್ಟೆ ಸಿಗುತ್ತದೆ.